ದ್ವಿಪಕ್ಷೀಯ ವಾಯುಸೇವಾ ಒಪ್ಪಂದಗಳು ಮತ್ತು ಹಾರಾಟದ ಹಕ್ಕುಗಳು

ಒಂದು ದೇಶದ ವಿಮಾನ ಕಂಪನಿಗಳು ಇನ್ನೊಂದು ದೇಶಕ್ಕೆ ನಿಗದಿತ ವೇಳಾಪಟ್ಟಿಯಂತೆ ಹಾರಿ, ಅಲ್ಲಿ ಪ್ರಯಾಣಿಕರನ್ನೂ ಸರಕನ್ನೂ ಅಂಚೆಯನ್ನೂ ಇಳಿಸಿ ಹತ್ತಿಸಿಕೊಳ್ಳಲು ಎರಡು ಸರ್ಕಾರಗಳು ಮಾಡಿಕೊಳ್ಳುವ ಕರಾರಿಗೆ ದ್ವಿಪಕ್ಷೀಯ ವಾಯುಸೇವಾ ಒಪ್ಪಂದ ಎಂದು ಹೆಸರು. ಯಾವ ಊರಿಂದ ಯಾವ ಊರಿಗೆ, ವಾರಕ್ಕೆ ಎಷ್ಟು ಸಲ ಅಥವಾ ಎಷ್ಟು ಸೀಟು, ಯಾರ ಕಂಪನಿ, ನಡುವೆ ಎಲ್ಲಿ ಇಳಿಯಬಹುದು, ಅಲ್ಲಿಂದಾಚೆಗೆ ಎಲ್ಲಿಗೆ ಹೋಗಬಹುದು ಎಂಬುದೆಲ್ಲ ಇದರಲ್ಲಿ ತೀರ್ಮಾನವಾಗುತ್ತದೆ. ಭಾರತ ಇಂಥ ಒಪ್ಪಂದಗಳನ್ನು 116 ದೇಶಗಳ ಜೊತೆ ಮಾಡಿಕೊಂಡಿದೆ.

ಹಡಗಿನ ವ್ಯಾಪಾರಕ್ಕೆ ಇಷ್ಟು ಕಟ್ಟುಪಾಡಿಲ್ಲ. ಪನಾಮದ ಬಾವುಟ ಹೊತ್ತ, ಗ್ರೀಸಿನವರ ಒಡೆತನದ ಹಡಗು ನವಮಂಗಳೂರು ಬಂದರಿಗೆ ಬಂದು ಸರಕು ತುಂಬಿಕೊಂಡು ಮೂರನೆಯ ದೇಶಕ್ಕೆ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ವಿಮಾನಕ್ಕೆ ಆ ಸಲೀಸು ಸಿಕ್ಕಿಲ್ಲ. ಟಿಕೆಟ್ ಕೊಳ್ಳುವವರಿದ್ದಾರೆ, ವಿಮಾನವಿದೆ, ರನ್‌ವೇ ಖಾಲಿಯಿದೆ ಎಂದಮಾತ್ರಕ್ಕೆ ಮಾರ್ಗ ತೆರೆಯುವುದಿಲ್ಲ. ಅಂತರರಾಷ್ಟ್ರೀಯ ವಿಮಾನ ಮಾರ್ಗವೆಂಬುದು ಮೊದಲು ಸರ್ಕಾರಗಳ ಚೌಕಾಸಿ, ವ್ಯಾಪಾರ ಆಮೇಲಿನದು. ಆ ಚೌಕಾಸಿಯ ಮೇಜಿನಲ್ಲಿ ಕಂಪನಿಗಳ ಹಿತ ಕಾಯುವವರು ಕೂತಿರುತ್ತಾರೆ. ಟಿಕೆಟಿನ ದುಡ್ಡು ಕೊಡುವವರಿಗೆ ಅಲ್ಲಿ ಕುರ್ಚಿ ಇರುವುದಿಲ್ಲ.

ಆಕಾಶಕ್ಕೆ ಒಡೆಯರು ಬಂದದ್ದು

ವಿಮಾನ ಹೊಸದಾಗಿದ್ದ ಕಾಲದಲ್ಲಿ, ಆಕಾಶವೂ ಕಡಲಿನಂತೆ ಎಲ್ಲರಿಗೂ ಸೇರಿದ್ದು ಎಂದು ವಾದಿಸುವ ಕಾನೂನು ಪಂಡಿತರು ಯುರೋಪಿನಲ್ಲಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಊರುಗಳ ಮೇಲೆ ಬಾಂಬು ಬಿದ್ದ ಮೇಲೆ ಆ ವಾದವನ್ನು ಕೇಳುವವರೇ ಇಲ್ಲದಂತಾಯಿತು. 1919ರ ಅಕ್ಟೋಬರ್ 13ರಂದು ಸಹಿಯಾದ ಪ್ಯಾರಿಸ್ ಒಡಂಬಡಿಕೆ, ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದಲ್ಲಿ ಸಂಪೂರ್ಣ ಸಾರ್ವಭೌಮತ್ವ ಇದೆ ಎಂದು ಮೊದಲ ವಿಧಿಯಲ್ಲೇ ಸಾರಿತು.

ಎರಡನೆಯ ಮಹಾಯುದ್ಧ ಮುಗಿಯುವ ಸೂಚನೆ ಕಾಣುತ್ತಿದ್ದಂತೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಿತ್ರದೇಶಗಳನ್ನೂ ತಟಸ್ಥ ದೇಶಗಳನ್ನೂ ಶಿಕಾಗೊಗೆ ಕರೆದರು. 1944ರ ನವೆಂಬರ್ 1ರಿಂದ ಡಿಸೆಂಬರ್ 7ರವರೆಗೆ ಸ್ಟೀವನ್ಸ್ ಹೋಟೆಲಿನಲ್ಲಿ 52 ದೇಶಗಳ ಪ್ರತಿನಿಧಿಗಳು ಕೂತರು. ಸೋವಿಯತ್ ಒಕ್ಕೂಟ ತನ್ನ ನಿಯೋಗವನ್ನು ದಾರಿಯಿಂದಲೇ ವಾಪಸು ಕರೆಸಿಕೊಂಡಿತು. ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ನಿಯೋಗಕ್ಕೆ ಸರ್ ಗಿರಿಜಾ ಶಂಕರ್ ಬಾಜಪೇಯಿ ಮುಖ್ಯಸ್ಥರಾಗಿದ್ದರು.

ಸಮ್ಮೇಳನದ ನಿಜವಾದ ಜಗಳ ಅಮೆರಿಕ ಮತ್ತು ಬ್ರಿಟನ್ನಿನ ನಡುವೆ ಇತ್ತು. ಯುದ್ಧಕಾಲದಲ್ಲಿ ಬ್ರಿಟನ್ ಯುದ್ಧವಿಮಾನ, ಬಾಂಬರ್‌ಗಳ ತಯಾರಿಕೆಗೆ ಬಿದ್ದಿತ್ತು. ಸಾಗಣೆ ವಿಮಾನಗಳು ಅಮೆರಿಕದ ಕಾರ್ಖಾನೆಗಳಿಂದ ಬರುತ್ತಿದ್ದವು. ಹಾಗಾಗಿ ಯುದ್ಧ ಮುಗಿದ ಮರುದಿನವೇ ಜಗತ್ತಿನ ತುಂಬ ಹಾರುವ ತಾಕತ್ತು ಇದ್ದದ್ದು ಅಮೆರಿಕದ ಕಂಪನಿಗಳಿಗೆ ಮಾತ್ರ. ಇಳಿಯಲು ಬೇಕಾದ ನೆಲವಾದರೋ ಗ್ಯಾಂಡರ್‌ನಿಂದ ಕರಾಚಿ, ಸಿಂಗಪುರದವರೆಗೆ ಬ್ರಿಟಿಷ್ ಪ್ರಭಾವದ ಕೆಳಗಿತ್ತು. ಅಮೆರಿಕದ ಅಡಾಲ್ಫ್ ಬರ್ಲ್ ಮುಕ್ತ ಸ್ಪರ್ಧೆ ಬೇಕೆಂದರು. ಬ್ರಿಟನ್ನಿನ ಲಾರ್ಡ್ ಸ್ವಿಂಟನ್, ಯಾರು ಎಷ್ಟು ಹಾರಬೇಕೆಂದು ಹಂಚಿಕೊಡುವ ಅಂತರರಾಷ್ಟ್ರೀಯ ಪ್ರಾಧಿಕಾರ ಬೇಕೆಂದರು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ, ಮುಖ್ಯ ಮಾರ್ಗಗಳನ್ನೆಲ್ಲ ಒಂದೇ ಜಾಗತಿಕ ಸಂಸ್ಥೆ ನಡೆಸಲಿ ಎಂದವು. ಆ ಸಲಹೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಕೊನೆಗೆ ಸುರಕ್ಷತೆ, ನೋಂದಣಿ, ಪೈಲಟ್ ಪರವಾನಗಿಯಂಥ ತಾಂತ್ರಿಕ ವಿಷಯಗಳಲ್ಲಿ ಒಮ್ಮತ ಮೂಡಿ ಶಿಕಾಗೊ ಒಡಂಬಡಿಕೆ ಹುಟ್ಟಿತು; 1947ರ ಏಪ್ರಿಲ್ 4ರಂದು ಜಾರಿಗೆ ಬಂತು. ಮಾಂಟ್ರಿಯಲ್‌ನಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಇದರ ಕೂಸು. ವ್ಯಾಪಾರದ ಹಕ್ಕಿನ ವಿಷಯದಲ್ಲಿ ಮಾತ್ರ ಸಮ್ಮೇಳನ ಸೋತಿತು. ಒಡಂಬಡಿಕೆಯ 6ನೇ ವಿಧಿಯ ಪ್ರಕಾರ, ಯಾವ ದೇಶದ ನಿಗದಿತ ವಿಮಾನಸೇವೆಯೂ ಇನ್ನೊಂದು ದೇಶದ ವಿಶೇಷ ಅನುಮತಿಯಿಲ್ಲದೆ ಅದರ ಮೇಲೆ ಹಾರುವಂತಿಲ್ಲ, ಅಲ್ಲಿಗೆ ಹೋಗುವಂತಿಲ್ಲ. ಆ ಅನುಮತಿಯನ್ನು ಪ್ರತಿ ದೇಶವೂ ಪ್ರತಿ ದೇಶದಿಂದ ಬೇರೆಬೇರೆಯಾಗಿ ಪಡೆಯಬೇಕು. ಇಂದು ಜಗತ್ತಿನಲ್ಲಿ ಸಾವಿರಾರು ದ್ವಿಪಕ್ಷೀಯ ಒಪ್ಪಂದಗಳು ಇರುವುದಕ್ಕೆ ಈ ಒಂದು ವಿಧಿಯೇ ಕಾರಣ.

ಸ್ವಾತಂತ್ರ್ಯಗಳು

ಶಿಕಾಗೊದಲ್ಲಿ ಹುಟ್ಟಿದ ಇನ್ನೊಂದು ಪರಿಭಾಷೆ ವಾಯುಸ್ವಾತಂತ್ರ್ಯಗಳದು. ಹೆಸರು ದೊಡ್ಡದಾದರೂ ಇವು ಒಬ್ಬರು ಕೊಟ್ಟರೆ ಇನ್ನೊಬ್ಬರಿಗೆ ಸಿಗುವ ಹಕ್ಕುಗಳು, ಅಷ್ಟೆ. ಮೊದಲನೆಯದು ಇಳಿಯದೆ ಮೇಲಿಂದ ಹಾದುಹೋಗುವ ಹಕ್ಕು. ಎರಡನೆಯದು ಪ್ರಯಾಣಿಕರನ್ನು ಹತ್ತಿಸದೆ ಇಳಿಸದೆ, ಇಂಧನಕ್ಕೋ ರಿಪೇರಿಗೋ ಇಳಿಯುವ ಹಕ್ಕು. ಇವೆರಡನ್ನು ಪರಸ್ಪರ ಕೊಟ್ಟುಕೊಳ್ಳುವ ಪ್ರತ್ಯೇಕ ಬಹುಪಕ್ಷೀಯ ಒಪ್ಪಂದ ಶಿಕಾಗೊದಲ್ಲೇ ತಯಾರಾಯಿತು, ಭಾರತ ಅದರಲ್ಲಿದೆ. ರಷ್ಯಾ, ಚೀನಾ, ಬ್ರೆಜಿಲ್, ಇಂಡೊನೇಷ್ಯಾದಂಥ ವಿಸ್ತಾರವಾದ ದೇಶಗಳು ಸೇರಿಲ್ಲ. ಕೆನಡಾ ಸೇರಿದ್ದು 1988ರಲ್ಲಿ ಹೊರಬಂತು. ಭೂಪಟದಲ್ಲಿ ಹೆಚ್ಚು ಜಾಗ ಹಿಡಿದವರಿಗೆ ತಮ್ಮ ಆಕಾಶದ ಬೆಲೆ ಗೊತ್ತಿದೆ.

ಮೂರನೆಯ ಮತ್ತು ನಾಲ್ಕನೆಯ ಸ್ವಾತಂತ್ರ್ಯ ಎಲ್ಲ ದ್ವಿಪಕ್ಷೀಯ ಒಪ್ಪಂದಗಳ ತಳಹದಿ: ಸ್ವದೇಶದಿಂದ ಪರದೇಶಕ್ಕೆ ಪ್ರಯಾಣಿಕರನ್ನು ಒಯ್ಯುವುದು, ಅಲ್ಲಿಂದ ಸ್ವದೇಶಕ್ಕೆ ತರುವುದು. ಐದನೆಯದಕ್ಕೆ ಬಂದಾಗ ಕಗ್ಗಂಟು ಶುರು. ಸ್ವದೇಶದಿಂದ ಹೊರಟ ವಿಮಾನ ಎರಡನೆಯ ದೇಶದಲ್ಲಿ ಹೊಸ ಪ್ರಯಾಣಿಕರನ್ನು ಹತ್ತಿಸಿಕೊಂಡು ಮೂರನೆಯ ದೇಶಕ್ಕೆ ಹೋಗುವ ಹಕ್ಕು ಇದು. ಸಿಂಗಪುರ ಏರ್‌ಲೈನ್ಸ್ ಫ್ರಾಂಕ್‌ಫರ್ಟಿನಿಂದ ನ್ಯೂಯಾರ್ಕಿಗೆ, 2013ರಿಂದ ಎಮಿರೇಟ್ಸ್ ಮಿಲಾನಿನಿಂದ ನ್ಯೂಯಾರ್ಕಿಗೆ ಪ್ರಯಾಣಿಕರನ್ನು ಒಯ್ಯುವುದು ಇದರ ಬಲದಿಂದಲೇ. ಇದಕ್ಕೆ ಮೂರೂ ದೇಶಗಳ ಒಪ್ಪಿಗೆ ಬೇಕು. ಎರಡನೆಯ ಹಾಗೂ ಮೂರನೆಯ ದೇಶದ ಕಂಪನಿಗಳು ತಮ್ಮ ಅಂಗಳಕ್ಕೆ ಹೊರಗಿನವನು ಬಂದ ಎಂದು ಕೂಗುತ್ತವೆ. ಐದೂ ಸ್ವಾತಂತ್ರ್ಯಗಳನ್ನು ಒಟ್ಟಾಗಿ ಕೊಡುವ ಬಹುಪಕ್ಷೀಯ ಒಪ್ಪಂದವೊಂದು ಶಿಕಾಗೊದಲ್ಲಿ ತಯಾರಾಗಿತ್ತು. ಕೆಲವೇ ದೇಶಗಳು ಸೇರಿದವು. ಅದರ ಹರಿಕಾರನಾಗಿದ್ದ ಅಮೆರಿಕವೇ 1946ರಲ್ಲಿ ಕೈಬಿಟ್ಟಿತು.

ಆರನೆಯದು ಶಿಕಾಗೊದವರ ಪಟ್ಟಿಯಲ್ಲಿ ಇರಲಿಲ್ಲ. ಭೂಗೋಳ ಅದನ್ನು ಹುಟ್ಟಿಸಿತು. ಬೆಂಗಳೂರಿನಿಂದ ನ್ಯೂಯಾರ್ಕಿಗೆ ಹೊರಟ ಇಂಜಿನಿಯರ್ ದುಬೈಯಲ್ಲಿ ವಿಮಾನ ಬದಲಿಸುತ್ತಾನೆ, ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಿಸಿದ ಹಾಗೆ. ಕಾಗದದ ಮೇಲೆ ಇದು ಎರಡು ಪ್ರಯಾಣ: ಭಾರತದಿಂದ ಯುಎಇಗೆ ಒಂದು, ಯುಎಇಯಿಂದ ಅಮೆರಿಕಕ್ಕೆ ಇನ್ನೊಂದು. ಎರಡಕ್ಕೂ ಬೇರೆಬೇರೆ ದ್ವಿಪಕ್ಷೀಯ ಒಪ್ಪಂದಗಳ ರಕ್ಷಣೆ ಇದೆ. ವಾಸ್ತವದಲ್ಲಿ ಭಾರತ ಮತ್ತು ಅಮೆರಿಕದ ನಡುವಿನ ಪ್ರಯಾಣಿಕನನ್ನು ಮೂರನೆಯ ದೇಶದ ಕಂಪನಿ ಹೊತ್ತೊಯ್ದಿರುತ್ತದೆ. ಕೆಎಲ್ಎಂ ಆಮ್‌ಸ್ಟರ್‌ಡ್ಯಾಮಿನಲ್ಲಿ, ಸಿಂಗಪುರ ಏರ್‌ಲೈನ್ಸ್ ಚಾಂಗಿಯಲ್ಲಿ ಇದೇ ಉಪಾಯದಿಂದ ಬೆಳೆದವು. ದುಬೈ, ದೋಹಾ, ಅಬುಧಾಬಿಗಳ ಇಡೀ ವ್ಯವಹಾರ ಇದರ ಮೇಲೆಯೇ ನಿಂತಿದೆ. ಇಂದಿನ ಬಹುಪಾಲು ವಾಯುಹಕ್ಕಿನ ಜಗಳಗಳನ್ನು ಕೆದಕಿದರೆ ತಳದಲ್ಲಿ ಈ ಆರನೆಯದೇ ಸಿಗುತ್ತದೆ.

ಏಳನೆಯದು ಸ್ವದೇಶವನ್ನು ಮುಟ್ಟದೆ ಬೇರೆ ಎರಡು ದೇಶಗಳ ನಡುವೆ ಹಾರುವ ಹಕ್ಕು. ಎಂಟು ಮತ್ತು ಒಂಬತ್ತು ಪರದೇಶದ ಒಳಗೇ ಊರಿಂದ ಊರಿಗೆ ಪ್ರಯಾಣಿಕರನ್ನು ಒಯ್ಯುವುದಕ್ಕೆ ಸಂಬಂಧಿಸಿದವು. ಯುರೋಪಿನ ಒಕ್ಕೂಟದ ಹೊರಗೆ ಇವು ಅಪರೂಪ. ಐರ್ಲೆಂಡಿನ ರಯಾನ್‌ಏರ್ ಇಟಲಿಯ ಒಳಗೆ ಹಾರುವುದು ಒಂಬತ್ತನೆಯದಕ್ಕೆ ಉದಾಹರಣೆ.

ಬರ್ಮುಡಾ

ಶಿಕಾಗೊದಲ್ಲಿ ಬಗೆಹರಿಯದ ಅಮೆರಿಕ–ಬ್ರಿಟನ್ ವ್ಯಾಜ್ಯ 1946ರ ಫೆಬ್ರುವರಿ 11ರಂದು ಬರ್ಮುಡಾ ದ್ವೀಪದಲ್ಲಿ ರಾಜಿಯಾಯಿತು. ಎಷ್ಟು ಸಲ ಹಾರಬೇಕೆಂಬುದನ್ನು ಮೊದಲೇ ನಿಗದಿ ಮಾಡಬಾರದೆಂಬ ಅಮೆರಿಕದ ಹಟವನ್ನು ಬ್ರಿಟನ್ ಒಪ್ಪಿತು. ಬದಲಿಗೆ, ದರಗಳನ್ನು ವಿಮಾನ ಕಂಪನಿಗಳ ಕೂಟವಾದ ಐಎಟಿಎ ನಿಗದಿ ಮಾಡಲಿ, ಎರಡೂ ಸರ್ಕಾರಗಳು ಅದಕ್ಕೆ ಮುದ್ರೆ ಒತ್ತಲಿ ಎಂಬ ಬ್ರಿಟನ್ನಿನ ಬೇಡಿಕೆಯನ್ನು ಅಮೆರಿಕ ಒಪ್ಪಿತು. ಕಂಪನಿಗಳು ಒಟ್ಟಿಗೆ ಕೂತು ದರ ಗೊತ್ತುಮಾಡಿಕೊಳ್ಳುವುದು ಬೇರೆ ವ್ಯಾಪಾರದಲ್ಲಾಗಿದ್ದರೆ ಅಮೆರಿಕದ ಕಾನೂನಿನಲ್ಲಿ ಅಪರಾಧವಾಗುತ್ತಿತ್ತು. ಇಲ್ಲಿ ಅದಕ್ಕೆ ಸರ್ಕಾರಿ ಸಮ್ಮತಿ ದೊರೆಯಿತು. ಮುಂದಿನ ಮೂರು ದಶಕ ಜಗತ್ತಿನ ಬಹುತೇಕ ಒಪ್ಪಂದಗಳು ಬರ್ಮುಡಾದ ಅಚ್ಚಿನಲ್ಲೇ ತಯಾರಾದವು.

1970ರ ದಶಕದಲ್ಲಿ ಅಟ್ಲಾಂಟಿಕ್ ಮಾರ್ಗದ ಲಾಭವೆಲ್ಲ ಅಮೆರಿಕದ ಕಂಪನಿಗಳಿಗೆ ಹೋಗುತ್ತಿದೆ ಎಂದು ಬ್ರಿಟನ್ ಆ ಒಪ್ಪಂದವನ್ನು ರದ್ದುಮಾಡುವ ನೋಟಿಸ್ ಕೊಟ್ಟಿತು. 1977ರ ಜುಲೈ 23ರಂದು ಬಂದ ಬರ್ಮುಡಾ 2 ಮೊದಲಿನದಕ್ಕಿಂತ ಬಿಗಿಯಾಗಿತ್ತು. ಲಂಡನ್ನಿನ ಹೀಥ್ರೂದಿಂದ ಅಮೆರಿಕಕ್ಕೆ ಹಾರಲು ಅಮೆರಿಕದ ಎರಡೇ ಕಂಪನಿಗಳಿಗೆ ಅವಕಾಶ: ಪ್ಯಾನ್ ಆ್ಯಮ್ ಮತ್ತು ಟಿಡಬ್ಲ್ಯುಎ. 1991ರಲ್ಲಿ ಆ ಜಾಗಕ್ಕೆ ಯುನೈಟೆಡ್ ಮತ್ತು ಅಮೆರಿಕನ್ ಬಂದವು. ಇದರಿಂದ ಒಂದು ವಿಚಿತ್ರ ಉಂಟಾಯಿತು. ಹಳೆಯ ಐದನೆಯ ಸ್ವಾತಂತ್ರ್ಯದ ಬಲದಿಂದ ಏರ್ ಇಂಡಿಯಾ ಹೀಥ್ರೂದಿಂದ ನ್ಯೂಯಾರ್ಕಿಗೆ ಪ್ರಯಾಣಿಕರನ್ನು ಒಯ್ಯುತ್ತಿದ್ದರೆ, ಅಮೆರಿಕದ್ದೇ ಆದ ಡೆಲ್ಟಾ ಲಂಡನ್ನಿನ ಇನ್ನೊಂದು ನಿಲ್ದಾಣವಾದ ಗ್ಯಾಟ್ವಿಕ್‌ನಲ್ಲಿ ತೃಪ್ತಿಪಡಬೇಕಿತ್ತು. ಈ ಬೇಲಿ ಬಿದ್ದದ್ದು 2008ರ ಮಾರ್ಚ್ 30ರಂದು, ಅಮೆರಿಕ–ಯುರೋಪ್ ಮುಕ್ತ ಆಕಾಶ ಒಪ್ಪಂದ ಜಾರಿಯಾದಾಗ. ಹಕ್ಕು ಸಿಕ್ಕಿದರೂ ಹೀಥ್ರೂದಲ್ಲಿ ಇಳಿಯುವ ಏಳುವ ವೇಳೆ, ಅಂದರೆ ಸ್ಲಾಟ್, ಬೇರೆಯವರಿಂದ ಕೊಳ್ಳಬೇಕಾಯಿತು. ಕಾಂಟಿನೆಂಟಲ್ ಕಂಪನಿ ನಾಲ್ಕು ಜೊತೆ ಸ್ಲಾಟಿಗೆ 20.9 ಕೋಟಿ ಡಾಲರ್ ಕೊಟ್ಟಿತು.

ಒಪ್ಪಂದದ ಒಳಗೆ

ಒಂದು ಸಾಮಾನ್ಯ ಒಪ್ಪಂದಕ್ಕೆ ಎರಡು ಪದರ. ಮೇಲಿನ ಪದರ ಸಂಸತ್ತಿನ ಮುಂದಿಡಬಹುದಾದ ಗಂಭೀರ ಪಠ್ಯ: ಹಕ್ಕುಗಳ ಕೊಡುಕೊಳ್ಳುವಿಕೆ, ಸುರಕ್ಷತೆ, ಸುಂಕ ವಿನಾಯಿತಿ, ಗಳಿಕೆಯನ್ನು ತಾಯ್ನಾಡಿಗೆ ಕಳಿಸುವ ಅವಕಾಶ, ವಿವಾದ ತೀರ್ಮಾನ, ರದ್ದತಿಗೆ ಒಂದು ವರ್ಷದ ನೋಟಿಸ್. ಕೆಳಗಿನ ಪದರದಲ್ಲಿ ಮಾರ್ಗಗಳ ಪಟ್ಟಿಯ ಅನುಬಂಧ ಮತ್ತು ಅಧಿಕಾರಿಗಳು ಸಹಿ ಮಾಡುವ ತಿಳಿವಳಿಕೆ ಪತ್ರಗಳಿವೆ. ನಿಜವಾದ ಸರಕು ಇರುವುದು ಈ ಕೆಳಪದರದಲ್ಲಿ. ಯಾವ ವಿಮಾನ ನಿಲ್ದಾಣಕ್ಕೆ ಬರಬಹುದು, ಅಂದರೆ ಪಾಯಿಂಟ್ ಆಫ್ ಕಾಲ್. ವಾರಕ್ಕೆ ಎಷ್ಟು ಸೀಟು. ಕೋಡ್‌ಷೇರ್ ಮೂಲಕ, ಅಂದರೆ ಬೇರೆ ಕಂಪನಿಯ ವಿಮಾನದಲ್ಲಿ ತನ್ನ ಹೆಸರಿನಲ್ಲಿ, ಮಾರಿದ ಸೀಟು ಯಾರ ಲೆಕ್ಕಕ್ಕೆ. ಮೂಲ ಒಪ್ಪಂದ ಐವತ್ತು ವರ್ಷ ಹಳೆಯದಿದ್ದು, ತಿಳಿವಳಿಕೆ ಪತ್ರ ನಾಲ್ಕು ಸಲ ಬದಲಾಗಿರುವುದು ಸಾಮಾನ್ಯ.

ಹಕ್ಕು ಸರ್ಕಾರದ್ದು, ಕಂಪನಿಯದಲ್ಲ. ಸರ್ಕಾರ ತನ್ನ ಕಂಪನಿಗಳನ್ನು ನೇಮಿಸಿ, ತನ್ನ ಪಾಲಿನ ಸೀಟುಗಳನ್ನು ಅವುಗಳಿಗೆ ಹಂಚುತ್ತದೆ. ಕಂಪನಿ ಮುಳುಗಿದರೆ ಹಕ್ಕು ಸರ್ಕಾರಕ್ಕೆ ಹಿಂದಿರುಗುತ್ತದೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಅದರ ವಿದೇಶಿ ಹಾರಾಟದ ಹಕ್ಕುಗಳು ಉಳಿದ ಭಾರತೀಯ ಕಂಪನಿಗಳಿಗೆ ತಾತ್ಕಾಲಿಕವಾಗಿ ಹಂಚಿಕೆಯಾದವು.

ಸೀಟಿನ ಮಿತಿ ಪ್ರಯಾಣಿಕರಿಗೆ ಏನು ಮಾಡುತ್ತದೆಂಬುದಕ್ಕೆ ಕ್ವಾಲಾಲಂಪುರ–ಸಿಂಗಪುರ ಮಾರ್ಗ ಒಳ್ಳೆಯ ಪಾಠ. ಸುಮಾರು 300 ಕಿ.ಮೀ. ದೂರದ ಈ ಮಾರ್ಗವನ್ನು ದಶಕಗಳ ಕಾಲ ಎರಡೂ ದೇಶಗಳ ರಾಷ್ಟ್ರೀಯ ಕಂಪನಿಗಳೇ ಹಂಚಿಕೊಂಡಿದ್ದವು. ದೂರಕ್ಕೆ ಹೋಲಿಸಿದರೆ ಟಿಕೆಟ್ ವಿಪರೀತ ದುಬಾರಿ. ಏರ್ಏಷ್ಯಾದಂಥ ಅಗ್ಗದ ಕಂಪನಿಗಳಿಗೆ ಬಾಗಿಲು ತೆರೆದದ್ದು 2008ರ ಫೆಬ್ರುವರಿ 1ರಂದು. ದರ ಇಳಿಯಿತು, ಹಾರಾಟ ಹೆಚ್ಚಿತು. ಅದಕ್ಕೆ ಹೊಸ ರನ್‌ವೇ ಬೇಕಾಗಲಿಲ್ಲ, ಹೊಸ ವಿಮಾನದ ಆವಿಷ್ಕಾರವೂ ಬೇಕಾಗಲಿಲ್ಲ.

ಕಂಪನಿಯ ರಾಷ್ಟ್ರೀಯತೆ

ಬಹುತೇಕ ಒಪ್ಪಂದಗಳಲ್ಲಿ ಒಂದು ಷರತ್ತು ತಪ್ಪದೆ ಇರುತ್ತದೆ: ನೇಮಿತ ಕಂಪನಿಯ ಗಣನೀಯ ಒಡೆತನ ಮತ್ತು ವಾಸ್ತವ ನಿಯಂತ್ರಣ ನೇಮಿಸಿದ ದೇಶದ ಪ್ರಜೆಗಳ ಕೈಯಲ್ಲೇ ಇರಬೇಕು. ಇಲ್ಲದಿದ್ದರೆ ಒಪ್ಪಂದದಲ್ಲಿ ಇಲ್ಲದ ಮೂರನೆಯ ದೇಶ ಕಂಪನಿಯನ್ನು ಕೊಂಡು ಹಿತ್ತಿಲ ಬಾಗಿಲಿನಿಂದ ಹಕ್ಕು ಪಡೆಯಬಹುದು ಎಂಬ ಅಂಜಿಕೆ. ಕಾರು, ಔಷಧ, ಬ್ಯಾಂಕುಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳು ಸಹಜವಾಗಿದ್ದರೂ ವಿಮಾನಯಾನದಲ್ಲಿ ಅವು ಬೆಳೆಯದಿರಲು ಈ ಷರತ್ತೇ ಮುಖ್ಯ ಕಾರಣ. ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್‌ನಂಥ ಕೂಟಗಳು ವಿಲೀನವಾಗಲು ಆಗದವರು ಮಾಡಿಕೊಂಡ ಹೊಂದಾಣಿಕೆ.

ರಾಜಕೀಯ ಇನ್ನೂ ಸೂಕ್ಷ್ಮವಾದ ಕಡೆ ನಾಟಕವೂ ಬೇಕಾಗುತ್ತದೆ. ಚೀನಾವನ್ನು ಮಾನ್ಯ ಮಾಡಿದ ಮೇಲೆ ತನ್ನ ರಾಷ್ಟ್ರೀಯ ಕಂಪನಿಯನ್ನು ತೈವಾನಿಗೆ ಕಳಿಸುವುದು ಜಪಾನಿಗೆ ಕಷ್ಟವಾಯಿತು. 1975ರಲ್ಲಿ ಜಪಾನ್ ಏಷ್ಯಾ ಏರ್‌ವೇಸ್ ಎಂಬ ಪ್ರತ್ಯೇಕ ಕಂಪನಿ ಹುಟ್ಟಿದ್ದು ಅದಕ್ಕಾಗಿಯೇ. ಇದೇ ರೀತಿ ತೈವಾನಿಗೆ ಹಾರುತ್ತಿದ್ದ ಬ್ರಿಟಿಷ್ ಏಷ್ಯಾ ಏರ್‌ವೇಸ್ ವಿಮಾನದ ಬಾಲದ ಮೇಲೆ ಬ್ರಿಟನ್ನಿನ ಬಾವುಟದ ಬದಲು ಚೀನೀ ಅಕ್ಷರಗಳಿದ್ದವು. ಶೀತಲ ಸಮರದ ಪಶ್ಚಿಮ ಬರ್ಲಿನ್ನಿಗೆ ಪ್ಯಾನ್ ಆ್ಯಮ್, ಬ್ರಿಟಿಷ್ ಏರ್‌ವೇಸ್, ಏರ್ ಫ್ರಾನ್ಸ್ ಹಾರುತ್ತಿದ್ದವು. ಜರ್ಮನಿಯದೇ ಆದ ಲುಫ್ತಾನ್ಸಾಗೆ 1990ರ ಅಕ್ಟೋಬರ್‌ವರೆಗೆ ಪ್ರವೇಶವಿರಲಿಲ್ಲ.

2002ರ ನವೆಂಬರ್ 5ರಂದು ಯುರೋಪಿನ ನ್ಯಾಯಾಲಯ ಈ ಷರತ್ತಿಗೆ ದೊಡ್ಡ ಪೆಟ್ಟು ಕೊಟ್ಟಿತು. ಒಕ್ಕೂಟದ ಸದಸ್ಯ ದೇಶಗಳು ಅಮೆರಿಕದ ಜೊತೆ ಒಂಟೊಂಟಿಯಾಗಿ ಮಾಡಿಕೊಂಡ ಒಪ್ಪಂದಗಳಲ್ಲಿ ಸ್ವದೇಶಿ ಒಡೆತನದ ಷರತ್ತು ಹಾಕಿರುವುದು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದು ತೀರ್ಪಾಯಿತು. ಅಂದಿನಿಂದ ಯುರೋಪಿನ ಹೊಸ ಒಪ್ಪಂದಗಳು ಯಾವ ಸದಸ್ಯ ದೇಶದ ಕಂಪನಿಯನ್ನಾದರೂ ಸಮಾನವಾಗಿ ಕಾಣಬೇಕಾಯಿತು.

ಮುಕ್ತ ಆಕಾಶ

ಅಮೆರಿಕ 1978ರಲ್ಲಿ ತನ್ನ ಒಳನಾಡಿನ ವಿಮಾನಯಾನದ ಮೇಲಿನ ದರ ಮತ್ತು ಮಾರ್ಗ ನಿಯಂತ್ರಣವನ್ನು ಸಡಿಲಿಸಿತು. ಆಮೇಲೆ ಅದೇ ಸರಕನ್ನು ಹೊರಗೂ ಮಾರಲು ಹೊರಟು, 1992ರಲ್ಲಿ ನೆದರ್‌ಲೆಂಡ್ಸ್ ಜೊತೆ ಮೊದಲ ಮುಕ್ತ ಆಕಾಶ ಒಪ್ಪಂದ ಮಾಡಿಕೊಂಡಿತು: ಎರಡೂ ದೇಶಗಳ ಎಷ್ಟು ಕಂಪನಿಗಳಾದರೂ, ಯಾವ ಊರಿಗಾದರೂ, ಎಷ್ಟು ಸಲವಾದರೂ ಹಾರಬಹುದು. ಸಣ್ಣ ನೆದರ್‌ಲೆಂಡ್ಸನ್ನು ಮೊದಲು ಹಿಡಿದದ್ದು ಜಾಣತನ. ಅದರ ಕೆಎಲ್ಎಂ ನಾರ್ತ್‌ವೆಸ್ಟ್ ಜೊತೆ ಸೇರಿ ನೆರೆಯ ದೇಶಗಳ ಪ್ರಯಾಣಿಕರನ್ನು ಸೆಳೆಯತೊಡಗಿದಾಗ ನೆರೆಯವರೂ ಮೇಜಿಗೆ ಬರಲೇಬೇಕಾಯಿತು. ಹೆಸರಿನಲ್ಲಿ ಮುಕ್ತ ಎಂದಿದ್ದರೂ ಅಮೆರಿಕದ ಒಳಗಿನ ಮಾರ್ಗಗಳು ಈ ಒಪ್ಪಂದಗಳಿಂದ ಹೊರಗೇ ಉಳಿದಿವೆ. ಅಮೆರಿಕದ ವಿಮಾನ ಕಂಪನಿಯಲ್ಲಿ ವಿದೇಶಿಯರ ಮತಾಧಿಕಾರದ ಪಾಲಿಗೂ 25 ಪ್ರತಿಶತದ ಮಿತಿ ಮುಂದುವರಿದಿದೆ.

ನಿಜವಾಗಿ ಗಡಿ ಅಳಿಸಿದ್ದು ಯುರೋಪಿನ ಒಕ್ಕೂಟ. 1993ರಲ್ಲಿ ಶುರುವಾದ ಸುಧಾರಣೆ 1997ರ ಏಪ್ರಿಲ್‌ನಲ್ಲಿ ಪೂರ್ಣಗೊಂಡು, ಯಾವ ಸದಸ್ಯ ದೇಶದ ಕಂಪನಿಯಾದರೂ ಯಾವ ಸದಸ್ಯ ದೇಶದ ಒಳಗಾದರೂ ಹಾರಬಹುದಾಯಿತು. ಒಕ್ಕೂಟ ಬಿಟ್ಟ ಬ್ರಿಟನ್ನಿಗೆ ಇದರ ಬೆಲೆ ತಿಳಿಯಿತು. ಈಸಿಜೆಟ್ 2017ರಲ್ಲೇ ವಿಯೆನ್ನಾದಲ್ಲಿ ಬೇರೆ ಕಂಪನಿ ತೆರೆದು ಯುರೋಪಿನ ಒಳಗಿನ ಹಕ್ಕು ಉಳಿಸಿಕೊಂಡಿತು. ಆಫ್ರಿಕಾದ ದೇಶಗಳು 1999ರ ಯಾಮೂಸುಕ್ರೊ ನಿರ್ಣಯದಲ್ಲಿ ಇದೇ ಕನಸು ಕಂಡವು. 2018ರಲ್ಲಿ ಏಕ ವಾಯು ಮಾರುಕಟ್ಟೆಯನ್ನು ಉದ್ಘಾಟಿಸಿದರೂ ಕಾಗದದಿಂದ ರನ್‌ವೇಗೆ ಬರುವ ದಾರಿ ಅಲ್ಲಿ ಇನ್ನೂ ದೂರವಿದೆ.

ಭಾರತದ ದಾರಿ

ಭಾರತ ಅಮೆರಿಕದ ಜೊತೆ 1946ರ ನವೆಂಬರ್‌ನಲ್ಲಿ ಬರ್ಮುಡಾ ಮಾದರಿಯ ಒಪ್ಪಂದಕ್ಕೆ ಸಹಿ ಹಾಕಿತು. ಆಗ ಭಾರತಕ್ಕೆ ದೂರದ ವಿದೇಶಗಳಿಗೆ ಹಾರುವ ಕಂಪನಿ ಇರಲಿಲ್ಲ. ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮುಂಬೈಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಮೊದಲು ಹೊರಟದ್ದು 1948ರ ಜೂನ್ 8ರಂದು. ಪ್ಯಾನ್ ಆ್ಯಮ್, ಟಿಡಬ್ಲ್ಯುಎ ವಿಮಾನಗಳು ಭಾರತ ಮತ್ತು ಮೂರನೆಯ ದೇಶಗಳ ನಡುವಿನ ಪ್ರಯಾಣಿಕರನ್ನು ಧಾರಾಳವಾಗಿ ಒಯ್ಯುತ್ತಿರುವುದು ದೆಹಲಿಗೆ ಸಹಿಸಲಿಲ್ಲ. 1954ರಲ್ಲಿ ನೋಟಿಸ್ ಕೊಟ್ಟು ಒಪ್ಪಂದವನ್ನೇ ಮುರಿಯಿತು. 1956ರ ಫೆಬ್ರುವರಿಯಲ್ಲಿ ಹೊಸದು ಬಂತು. ಹೊಸದಾಗಿ ಸ್ವತಂತ್ರವಾದ, ಬಡ ದೇಶವೊಂದು ಅಮೆರಿಕದ ಜೊತೆಗಿನ ವಾಯು ಒಪ್ಪಂದವನ್ನು ರದ್ದು ಮಾಡಿದ್ದು ಸಣ್ಣ ಸಂಗತಿಯಲ್ಲ.

ನಂತರದ ಅರ್ಧ ಶತಮಾನ ಭಾರತದ ನೀತಿಯೆಂದರೆ ಏರ್ ಇಂಡಿಯಾದ ರಕ್ಷಣೆ. ಎದುರಿನ ದೇಶದ ಕಂಪನಿ ಎಷ್ಟು ಹಾರುತ್ತದೋ ಅಷ್ಟಕ್ಕೆ ಏರ್ ಇಂಡಿಯಾಕ್ಕೆ ಶಕ್ತಿಯಿಲ್ಲವೆಂದಾದರೆ ಎದುರಿನವರ ಹಾರಾಟವನ್ನೂ ಅಲ್ಲಿಗೇ ನಿಲ್ಲಿಸುವುದು ರೂಢಿಯಾಗಿತ್ತು. ಈ ರಕ್ಷಣೆ ಕಂಪನಿಯನ್ನು ಗಟ್ಟಿಯಾಗಿ ಬೆಳೆಸಲಿಲ್ಲ, ಪ್ರಯಾಣಿಕರಿಗೆ ಸೀಟನ್ನೂ ಕೊಡಲಿಲ್ಲ. 2004–05ರಲ್ಲಿ ನೀತಿ ತಿರುಗಿತು. 2005ರ ಏಪ್ರಿಲ್ 14ರಂದು ಅಮೆರಿಕದ ಜೊತೆ ಮುಕ್ತ ಆಕಾಶ ಒಪ್ಪಂದವಾಯಿತು. ಖಾಸಗಿ ಕಂಪನಿಗಳೂ ವಿದೇಶಕ್ಕೆ ಹಾರಬಹುದೆಂದಾಯಿತು, ಆದರೆ ಐದು ವರ್ಷದ ಅನುಭವ ಮತ್ತು 20 ವಿಮಾನಗಳಿರಬೇಕು. ಇದೇ 5/20 ನಿಯಮ.

ಈ ನಿಯಮದ ಸುತ್ತು ಬೆಂಗಳೂರನ್ನು ಮುಟ್ಟಿತು. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹಾರಾಟ ಶುರು ಮಾಡಿತ್ತು. ಕಿಂಗ್‌ಫಿಶರ್ ಶುರುವಾದದ್ದು 2005ರ ಮೇ ತಿಂಗಳಲ್ಲಿ. ಡೆಕ್ಕನ್ನನ್ನು ಕೊಂಡು ಅದರೊಂದಿಗೆ ಬೆರೆತ ಕಿಂಗ್‌ಫಿಶರ್‌ಗೆ ಡೆಕ್ಕನ್ನಿನ ವಯಸ್ಸೂ ಸಿಕ್ಕಿತು. 2008ರ ಆಗಸ್ಟ್‌ಗೆ ಐದು ವರ್ಷ ತುಂಬಿತು, ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಲಂಡನ್ನಿಗೆ ಅದರ ಮೊದಲ ವಿದೇಶಿ ಹಾರಾಟ ಹೊರಟಿತು. ಹಕ್ಕು ಪಡೆಯಲು ಇಷ್ಟು ಪಾಡುಪಟ್ಟ ಕಂಪನಿ 2012ರಲ್ಲಿ ನೆಲಕಚ್ಚಿತು. 2013ರ ಫೆಬ್ರುವರಿಯಲ್ಲಿ ಸರ್ಕಾರ ಅದರ ವಿದೇಶಿ ಹಕ್ಕುಗಳನ್ನು ಹಿಂಪಡೆಯಿತು. 2016ರ ನಾಗರಿಕ ವಿಮಾನಯಾನ ನೀತಿಯಲ್ಲಿ ಐದು ವರ್ಷದ ಷರತ್ತು ಹೋಗಿ, 20 ವಿಮಾನಗಳ ಷರತ್ತು ಉಳಿಯಿತು.

ಗಲ್ಫ್ ವಿಷಯದಲ್ಲಿ ಭಾರತದ ನೀತಿ ಎರಡೂ ಅತಿಗಳನ್ನು ಕಂಡಿದೆ. ದುಬೈಗೆ ಕೊಟ್ಟ ಸೀಟುಗಳು 2000ದ ದಶಕದಲ್ಲಿ ಏರುತ್ತಾ ಹೋಗಿ ವಾರಕ್ಕೆ, ಒಂದೊಂದು ಕಡೆಗೆ, 54,200 ತಲುಪಿದವು. ಎಮಿರೇಟ್ಸ್ ಈ ಹಕ್ಕಿನಿಂದ ದುಬೈಗೆ ಹೋಗುವವರಿಗಿಂತ ಮಿಗಿಲಾಗಿ ಅದರಾಚೆಗೆ ಹೋಗುವವರನ್ನು ಒಯ್ಯುತ್ತಿದೆ, ಏರ್ ಇಂಡಿಯಾಕ್ಕೆ ಇದರಿಂದ ಹೊಡೆತ ಬಿದ್ದಿದೆ ಎಂದು ಮಹಾಲೇಖಪಾಲರ 2011ರ ವರದಿ ಟೀಕಿಸಿತು. 2013ರ ಏಪ್ರಿಲ್‌ನಲ್ಲಿ ಎತಿಹಾದ್ ಜೆಟ್ ಏರ್‌ವೇಸಿನ 24 ಪ್ರತಿಶತ ಪಾಲು ಕೊಳ್ಳುವ ಸುದ್ದಿ ಹೊರಬಿದ್ದ ಹೊತ್ತಿನಲ್ಲೇ ಅಬುಧಾಬಿಯ ಸೀಟುಗಳು 13,330ರಿಂದ ಸುಮಾರು 50,000ಕ್ಕೆ ಏರಿದವು. ಷೇರಿನ ವ್ಯವಹಾರ ಮತ್ತು ಸೀಟಿನ ವ್ಯವಹಾರ ಜೊತೆಜೊತೆಗೆ ನಡೆದದ್ದು ಸಂಸತ್ತಿನಲ್ಲೂ ಹೊರಗೂ ಗದ್ದಲವೆಬ್ಬಿಸಿತು. 2014ರಲ್ಲಿ ದುಬೈಗೆ ಇನ್ನೂ 11,000 ಸೀಟು ಸಿಕ್ಕಿತು. ಅಲ್ಲಿಂದ ಬಾಗಿಲು ಮುಚ್ಚಿದೆ. ಎಮಿರೇಟ್ಸ್ ವರ್ಷವೂ ಹೆಚ್ಚಿಗೆ ಕೇಳುತ್ತದೆ, ದೆಹಲಿ ತಲೆಯಾಡಿಸುವುದಿಲ್ಲ. ಕುವೈತಿಗೆ 2007ರಿಂದ ಇದ್ದ ವಾರಕ್ಕೆ 12,000 ಸೀಟಿನ ಮಿತಿ 18,000ಕ್ಕೆ ಏರಿದ್ದು 2025ರ ಜುಲೈಯಲ್ಲಿ.

2016ರ ನೀತಿಯ ಪ್ರಕಾರ ಸಾರ್ಕ್ ದೇಶಗಳು ಮತ್ತು ದೆಹಲಿಯಿಂದ 5,000 ಕಿ.ಮೀ.ಗಿಂತ ಆಚೆಯ ದೇಶಗಳಿಗೆ ಪರಸ್ಪರ ಆಧಾರದ ಮೇಲೆ ಮಿತಿಯಿಲ್ಲದ ಹಾರಾಟ ಕೊಡಬಹುದು. ಗಲ್ಫ್ ದೇಶಗಳು ಆ ವೃತ್ತದ ಒಳಗೆ ಬೀಳುತ್ತವೆ. ವೃತ್ತವನ್ನು ಎಳೆದ ಕಾರಣ ಊಹಿಸಲು ಕಷ್ಟವಿಲ್ಲ. ದೂರದ ದೇಶಗಳ ಬಾಗಿಲು ತೆರೆದಿರುವ ಫಲ ಬೆಂಗಳೂರಿಗೆ ಕಾಣಿಸಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟವನ್ನು ಮಹಿಳಾ ಪೈಲಟ್‌ಗಳೊಂದಿಗೆ ಆರಂಭಿಸಿತು; 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಾಸ್ ಸಿಡ್ನಿಯಿಂದ ಬೆಂಗಳೂರಿಗೆ ಬಂತು. ಕರಾವಳಿಯ ಕಥೆ ಬೇರೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಗಲ್ಫ್‌ಗೆ ಹೋಗಿ ದುಡಿಯುವವರು ಅಷ್ಟಿದ್ದರೂ ಮಂಗಳೂರಿನಿಂದ ಅಲ್ಲಿಗೆ ಹಾರುವುದು ಭಾರತದ ಕಂಪನಿಗಳು ಮಾತ್ರ. ಮಹಾನಗರಗಳಲ್ಲದ ಊರುಗಳನ್ನು ಹೊಸ ಪಾಯಿಂಟ್ ಆಫ್ ಕಾಲ್ ಆಗಿ ವಿದೇಶಿ ಕಂಪನಿಗಳಿಗೆ ಕೊಡಲು ಕೇಂದ್ರ ಸಿದ್ಧವಿಲ್ಲ. 2018ರ ಡಿಸೆಂಬರ್‌ನಲ್ಲಿ ತೆರೆದ ಪಕ್ಕದ ಕಣ್ಣೂರಿನ ನಿಲ್ದಾಣವೂ ಇದೇ ಕಾರಣಕ್ಕೆ ಸೊರಗಿದೆ. ಭಾರತದ ಕಂಪನಿಗಳ ಕೇಂದ್ರಗಳು ಬೆಳೆಯಲಿ ಎಂಬ ಉದ್ದೇಶ ಅರ್ಥವಾಗುವಂಥದೇ. ಅದರ ಬೆಲೆಯನ್ನು ಹಬ್ಬಕ್ಕೆ ಊರಿಗೆ ಬರುವ ಕೂಲಿಕಾರ ಟಿಕೆಟಿನಲ್ಲಿ ತೆರುತ್ತಿದ್ದಾನೆ ಎಂಬುದೂ ಅಷ್ಟೇ ನಿಜ.

ಜಗಳಗಳು

ಒಪ್ಪಂದ ಮುರಿದಾಗ ಅದರ ಬೆಲೆ ಗೊತ್ತಾಗುತ್ತದೆ. 1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸ್‌ನ ಗಂಗಾ ಹೆಸರಿನ ಫೋಕರ್ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಡಲಾಯಿತು. ಭಾರತ ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಪಶ್ಚಿಮ ಮತ್ತು ಪೂರ್ವ ಪಾಕಿಸ್ತಾನದ ನಡುವಿನ ವಿಮಾನಗಳು ಕೊಲಂಬೊ ಸುತ್ತಿ ಹೋಗಬೇಕಾಯಿತು. ಪಾಕಿಸ್ತಾನ ಐಸಿಎಒ ಮಂಡಳಿಗೆ ದೂರಿತು. ಆ ದೂರು ಕೇಳುವ ಅಧಿಕಾರ ಮಂಡಳಿಗಿಲ್ಲ ಎಂದು ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನಾನಿ ಪಾಲ್ಖಿವಾಲಾ ಭಾರತದ ಪರ ವಾದಿಸಿದರು. 1972ರ ಆಗಸ್ಟ್ 18ರ ತೀರ್ಪು ಮಂಡಳಿಗೆ ಅಧಿಕಾರವಿದೆ ಎಂದಿತು. ಅಷ್ಟರಲ್ಲಿ ಬಾಂಗ್ಲಾದೇಶ ಹುಟ್ಟಿಯಾಗಿತ್ತು.

2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ಆಕಾಶ ಮುಚ್ಚಿದಾಗ ಪಾತ್ರ ಅದಲುಬದಲಾಗಿತ್ತು; ಕೆಲವೇ ದಿನಗಳಲ್ಲಿ ಭಾರತವೂ ಮುಚ್ಚಿತು. ದೆಹಲಿಯಿಂದ ಅಲ್ಮಾಟಿ, ತಾಷ್ಕೆಂಟಿಗೆ ಇಂಡಿಗೊ ಹಾರಾಟ ನಿಂತಿತು. ಏರ್ ಇಂಡಿಯಾದ ಉತ್ತರ ಅಮೆರಿಕದ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಳಿಯಬೇಕಾಯಿತು. 2022ರಿಂದ ರಷ್ಯಾದ ಆಕಾಶ ಯುರೋಪಿನ ಕಂಪನಿಗಳಿಗೆ ಮುಚ್ಚಿದ್ದರಿಂದ, ಏಷ್ಯಾಕ್ಕೆ ಹತ್ತಿರದ ದಾರಿಯನ್ನೇ ನೆಚ್ಚಿದ್ದ ಫಿನ್ಏರ್‌ನ ಹೆಲ್ಸಿಂಕಿ–ಟೋಕಿಯೊ ಹಾರಾಟ ಸುಮಾರು 9 ಗಂಟೆಯಿಂದ 13 ಗಂಟೆಗೆ ಬೆಳೆಯಿತು.

ದರ ಮತ್ತು ಸೀಟಿನ ಜಗಳಗಳು ಎಲ್ಲೆಲ್ಲಿಗೋ ಹೋಗಿ ಮುಟ್ಟುತ್ತವೆ. ಹೆಚ್ಚು ಹಾರಾಟಕ್ಕೆ ಕೆನಡಾ ಒಪ್ಪದಿದ್ದಾಗ ಯುಎಇ 2010ರಲ್ಲಿ ದುಬೈ ಬಳಿಯ ಕೆನಡಾದ ಸೇನಾ ನೆಲೆಯನ್ನು ಮುಚ್ಚಿಸಿತು, ಕೆನಡಾದವರಿಗೆ ವೀಸಾ ಕಡ್ಡಾಯ ಮಾಡಿತು. ಆಸ್ಟ್ರೇಲಿಯದ ನಾಲ್ಕು ದೊಡ್ಡ ನಗರಗಳಿಗೆ ವಾರಕ್ಕೆ 28 ಹಾರಾಟದ ಮಿತಿಯಿದ್ದ ಕತಾರ್ ಏರ್‌ವೇಸ್, ಮೆಲ್ಬರ್ನಿಗೆ ಇನ್ನೊಂದು ವಿಮಾನ ಕಳಿಸಿ ಅದನ್ನು ಹೆಚ್ಚುಕಮ್ಮಿ ಖಾಲಿಯಾಗಿ ಅಡಿಲೇಡಿನವರೆಗೆ ಓಡಿಸಿತು; ಕೊನೆಯ ನಿಲ್ದಾಣ ಅಡಿಲೇಡ್ ಆದ್ದರಿಂದ ಮಿತಿ ಮುಟ್ಟಲಿಲ್ಲ. ಹೆಚ್ಚುವರಿ ಹಕ್ಕಿನ ಅದರ ಕೋರಿಕೆಯನ್ನು 2023ರಲ್ಲಿ ಆಸ್ಟ್ರೇಲಿಯ ತಳ್ಳಿಹಾಕಿತು. ಖಾಲಿ ವಿಮಾನ ಹಾರಿಸುವುದೇ ಲಾಭವೆನಿಸುವ ನಿಯಮದಲ್ಲಿ ಏನೋ ಕೆಟ್ಟಿದೆ ಎನ್ನಲು ಅರ್ಥಶಾಸ್ತ್ರ ಓದಬೇಕಿಲ್ಲ.

ಕೋವಿಡ್ ಕಾಲದಲ್ಲಿ ಭಾರತ 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ನಿಗದಿತ ವಿದೇಶಿ ಹಾರಾಟ ನಿಲ್ಲಿಸಿ, ಏರ್ ಬಬಲ್ ಎಂಬ ತಾತ್ಕಾಲಿಕ ಏರ್ಪಾಡುಗಳಲ್ಲಿ ವಿಮಾನ ಓಡಿಸಿತು. ಲುಫ್ತಾನ್ಸಾ ವಾರಕ್ಕೆ 20 ಸಲ ಹಾರುತ್ತಿದೆ, ನಮ್ಮವರು ಮೂರು ನಾಲ್ಕು ಸಲ ಎಂದು ಭಾರತ ತಕರಾರೆತ್ತಿದಾಗ ಲುಫ್ತಾನ್ಸಾ ತನ್ನ ಅಕ್ಟೋಬರ್ ಹಾರಾಟಗಳನ್ನು ರದ್ದುಮಾಡಿತು. ಸಾಂಕ್ರಾಮಿಕದ ನಡುವೆಯೂ ಸೀಟಿನ ಲೆಕ್ಕ ನಿಲ್ಲಲಿಲ್ಲ.

ಸೇವೆಗಳ ವ್ಯಾಪಾರವನ್ನು ಬಹುಪಕ್ಷೀಯ ನಿಯಮದಡಿ ತರಲು 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಗ್ಯಾಟ್ಸ್ ಒಪ್ಪಂದ ಜಾರಿಯಾಯಿತು. ಬ್ಯಾಂಕು, ದೂರಸಂಪರ್ಕ, ವಿಮೆ ಎಲ್ಲ ಅದರೊಳಗೆ ಬಂದವು. ವಾಯು ಸಾರಿಗೆಗೆ ಸಂಬಂಧಿಸಿದ ಅನುಬಂಧ ಮಾತ್ರ ಹಾರಾಟದ ಹಕ್ಕುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಅವು ಈಗಲೂ ಹೊರಗೇ ಇವೆ.